ಹಳೇ ಕಾರು ಇಟ್ಕೊಳ್ಳೋದಾ, ಹೊಸದು ತಗೊಳ್ಳೋದಾ? ಒಂದು ಮನೆಯ ಲೆಕ್ಕ

"ಈ ಡಬ್ಬಾ ಕಾರನ್ನ ಮೊದಲು ಮಾರಿಬಿಡಿ" ಅನ್ನೋ ಮಾತು ನಮ್ಮಲ್ಲಿ ತುಂಬಾ ಜನರ ಮನೆಯಲ್ಲಿ ಕೇಳಿರುತ್ತೆ. ಸಾಮಾನ್ಯವಾಗಿ ಈ ಮಾತು ಬರೋದು ಕಾರು ದಾರಿ ಮಧ್ಯೆ ನಿಂತ ದಿನ. ಅದೇ ಕಾರು ಮುಂದಿನ ಎರಡು ತಿಂಗಳು ತೊಂದರೆ ಕೊಡದೆ ಓಡಿದ್ರೆ ಮಾತು ಮರೆತು ಹೋಗುತ್ತೆ. ಅಂದ್ರೆ ಲಕ್ಷಗಟ್ಟಲೆ ರೂಪಾಯಿಯ ನಿರ್ಧಾರವನ್ನ ನಾವು ಸಿಟ್ಟಿನ ಮೇಲೆ, ಇಲ್ಲಾ ಸೋಮಾರಿತನದ ಮೇಲೆ ಮಾಡ್ತೀವಿ. ಎಂಜಿನಿಯರಿಂಗ್ ಓದೋ ನಾವು ಇದನ್ನ ಸ್ವಲ್ಪ ಬೇರೆ ಥರ ಮಾಡಬಹುದು.

ಉದಾಹರಣೆಗೆ ನಮ್ಮ ಮನೆಯ ಕಾರನ್ನೇ ತಗೊಳ್ಳೋಣ. ಊರು ಅರಸೀಕೆರೆ. ಕಾರು 2011ರ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿರೋದು 1,38,000 ಕಿ.ಮೀ. ಅಪ್ಪ ಅಂಗಡಿಗೆ ಓಡಿಸ್ತಾರೆ, ತಿಂಗಳಿಗೊಂದು ಸಲ ಅಜ್ಜಿಯನ್ನ ಹಾಸನದ ಆಸ್ಪತ್ರೆಗೆ ಚೆಕಪ್‌ಗೆ ಕರ್ಕೊಂಡು ಹೋಗಬೇಕು. ವರ್ಷಕ್ಕೆ ಸುಮಾರು 8,000 ಕಿ.ಮೀ. ಆಗುತ್ತೆ.

ಮೊದಲ ಪಾಠ: ಹೋದದ್ದು ಹೋಯ್ತು

ಕಳೆದ ಒಂದು ವರ್ಷದಲ್ಲಿ ಈ ಕಾರಿಗೆ ಆದ ಖರ್ಚು ಹೀಗಿದೆ: ಕ್ಲಚ್ ಸೆಟ್ 8,500, ರೇಡಿಯೇಟರ್ ಮತ್ತು ಹೋಸ್ 6,500, ಬ್ಯಾಟರಿ 4,800, ಆಲ್ಟರ್ನೇಟರ್ ರಿಪೇರಿ 5,200, ಎರಡು ಸಲ ಟೋಯಿಂಗ್ 5,000, ಮಾಮೂಲಿ ಸರ್ವಿಸ್ 6,000. ಒಟ್ಟು 36,000 ರೂಪಾಯಿ. ಈಗ ಈ ಕಾರನ್ನ ಮಾರಿದ್ರೆ ಸಿಗೋದು ಸುಮಾರು 90,000.

ಇಲ್ಲಿ ಮನೆಯವರು ಎರಡು ಥರ ಮಾತಾಡ್ತಾರೆ. "ಇಷ್ಟೊಂದು ದುಡ್ಡು ಹಾಕಿದೀವಿ, ಈಗ ಹೇಗೆ ಮಾರೋದು?" ಅನ್ನೋರು ಒಬ್ಬರು. "ಇಷ್ಟೊಂದು ದುಡ್ಡು ತಿಂದಿದೆ, ಇನ್ನು ಇಟ್ಕೊಳ್ಳೋದು ಬೇಡ" ಅನ್ನೋರು ಇನ್ನೊಬ್ಬರು. ಎರಡೂ ತಪ್ಪು. ಖರ್ಚಾದ 36,000 ಕಾರು ಇಟ್ಕೊಂಡರೂ ವಾಪಸ್ ಬರಲ್ಲ, ಮಾರಿದರೂ ಬರಲ್ಲ. ಎಕನಾಮಿಕ್ಸ್‌ನಲ್ಲಿ ಇದಕ್ಕೆ ಸಂಕ್ ಕಾಸ್ಟ್ ಅಂತಾರೆ. ಹಿಂದಿನ ಬಿಲ್‌ನಿಂದ ನಮಗೆ ಸಿಗೋ ಉಪಯೋಗ ಒಂದೇ: ಮುಂದೆ ಏನಾಗಬಹುದು ಅನ್ನೋ ಸುಳಿವು.

ಎರಡನೇ ಪಾಠ: ಯಾವ ಥರದ ರಿಪೇರಿ?

ರಿಲಯಬಿಲಿಟಿ ಪಾಠದಲ್ಲಿ ಬಾತ್‌ಟಬ್ ಕರ್ವ್ ಅಂತ ಒಂದು ಗ್ರಾಫ್ ಬರುತ್ತೆ. ಶುರುವಿನಲ್ಲಿ ತೊಂದರೆ ಜಾಸ್ತಿ, ಮಧ್ಯದಲ್ಲಿ ಕಡಿಮೆ, ಕೊನೆಗೆ ಸವೆತದಿಂದ ಮತ್ತೆ ಜಾಸ್ತಿ. ಇದನ್ನ ನೋಡಿ "15 ವರ್ಷದ ಕಾರು, ಇನ್ನು ಮುಗೀತು" ಅಂದುಬಿಡಬಾರದು. ಯಾಕಂದ್ರೆ ಕಾರು ಒಂದೇ ವಸ್ತು ಅಲ್ಲ, ನೂರಾರು ಭಾಗಗಳ ಗುಂಪು. ಹೊಸ ಕ್ಲಚ್ ಹಾಕಿದಾಗ ಕ್ಲಚ್‌ನ ವಯಸ್ಸು ಸೊನ್ನೆಯಿಂದ ಶುರುವಾಗುತ್ತೆ, ಆದ್ರೆ ಬಾಡಿಯ ವಯಸ್ಸು 15 ಆಗಿಯೇ ಇರುತ್ತೆ.

ಹಾಗಾಗಿ ರಿಪೇರಿಗಳನ್ನ ಮೂರು ಗುಂಪು ಮಾಡಿ.

ಒಂದು, ಸವೆತ. ಕ್ಲಚ್, ಬ್ರೇಕ್ ಪ್ಯಾಡ್, ಟಯರ್, ಬ್ಯಾಟರಿ, ಹೋಸ್. ಇವು ಹೊಸ ಕಾರಿಗೂ ಮುಂದೊಂದು ದಿನ ಬರುತ್ತವೆ. ಇದಕ್ಕೋಸ್ಕರ ಕಾರು ಮಾರಬೇಕಿಲ್ಲ.

ಎರಡು, ಮತ್ತೆ ಮತ್ತೆ ಬರೋ ಅದೇ ತೊಂದರೆ. ಇದು ಕಾರಿನ ತೊಂದರೆಗಿಂತ ಕಾಯಿಲೆ ಪತ್ತೆ ಮಾಡೋದರ ತೊಂದರೆ. ನಮ್ಮ ಕಾರು ಬೆಳಗ್ಗೆ ಸ್ಟಾರ್ಟ್ ಆಗದೆ ಇದ್ದಾಗ ಊರಿನ ಒಂದು ಗ್ಯಾರೇಜಿನಲ್ಲಿ ಬ್ಯಾಟರಿ ಬದಲಾಯಿಸಿದ್ರು. ಮೂರು ವಾರಕ್ಕೆ ಮತ್ತೆ ಅದೇ ಕಥೆ. ರಜೆಗೆ ಹೋದಾಗ ಮಲ್ಟಿಮೀಟರ್ ಹಿಡಿದು ನೋಡಿದ್ವಿ. ಚಾರ್ಜ್ ತುಂಬಿದ ಬ್ಯಾಟರಿ ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡ್ತಿರುವಾಗ 13.8ರಿಂದ 14.4ರ ಆಸುಪಾಸು ಬರಬೇಕು. ನಮ್ಮದರಲ್ಲಿ ಎಂಜಿನ್ ಓಡ್ತಿದ್ರೂ 12.3 ದಾಟಲಿಲ್ಲ. ಅಂದ್ರೆ ಬ್ಯಾಟರಿಗೆ ಚಾರ್ಜೇ ಹೋಗ್ತಿಲ್ಲ, ಆಲ್ಟರ್ನೇಟರ್ ಕೆಟ್ಟಿದೆ. ಅದನ್ನ ಸರಿ ಮಾಡಿಸಿದ ಮೇಲೆ ಆ ತೊಂದರೆ ಬಂದಿಲ್ಲ. ಇನ್ನೂರು ಮುನ್ನೂರು ರೂಪಾಯಿಯ ಮೀಟರ್ ಇದ್ದರೆ ಈ ಪರೀಕ್ಷೆ ಯಾರು ಬೇಕಾದ್ರೂ ಮಾಡಬಹುದು, ಬ್ರಾಂಚ್ ಮೆಕ್ಯಾನಿಕಲ್ಲೇ ಆಗಬೇಕು ಅಂತೇನಿಲ್ಲ.

ಮೂರು, ಮೂಲಕ್ಕೇ ಬಂದ ತೊಂದರೆ. ಚಾಸಿಸ್‌ಗೆ ತುಕ್ಕು, ಸೈಲೆನ್ಸರಿನಿಂದ ನೀಲಿ ಹೊಗೆ, ಆಯಿಲ್ ಕುಡಿಯೋ ಎಂಜಿನ್, ಗೇರ್‌ಬಾಕ್ಸ್ ಸದ್ದು. ಇಲ್ಲಿ ಎಚ್ಚರ ಬೇಕು. ಕಂಪ್ರೆಷನ್ ಟೆಸ್ಟ್ ಮಾಡಿಸಿ. ಎಲ್ಲಾ ಸಿಲಿಂಡರ್‌ಗಳ ಒತ್ತಡ ಹೆಚ್ಚುಕಮ್ಮಿ ಒಂದೇ ಇರಬೇಕು. ಒಂದು ಸಿಲಿಂಡರ್ ಮಾತ್ರ ತುಂಬಾ ಕಡಿಮೆ ತೋರಿಸಿದ್ರೆ ವಾಲ್ವ್, ರಿಂಗ್ ಅಥವಾ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬೇಕು. ಈ ಗುಂಪಿನ ತೊಂದರೆ ಇದ್ದರೆ ಮುಂದಿನ ಲೆಕ್ಕಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ, ಕಾರು ಬಿಡೋದೇ ಒಳ್ಳೇದು. ನಮ್ಮ ಕಾರಿನಲ್ಲಿ ಇಂಥದ್ದು ಸಿಗಲಿಲ್ಲ.

15 ವರ್ಷ ಆದ್ರೆ ಗುಜರಿಗೆ ಹಾಕಲೇಬೇಕಾ?

ಇಲ್ಲ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಅನ್ನೋ ನಿರ್ಬಂಧದ ಸುದ್ದಿ ನಾವು ಕೇಳೋದು ದೆಹಲಿ ಸುತ್ತಮುತ್ತಲಿನ ಪ್ರದೇಶದ ಬಗ್ಗೆ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಆರ್‌ಟಿಒ ಆಫೀಸಿನಲ್ಲಿ ಕಾರು ತೋರಿಸಿ, ಫಿಟ್ ಇದೆ ಅಂತ ಆದ್ರೆ ಐದೈದು ವರ್ಷಕ್ಕೆ ನವೀಕರಿಸಬಹುದು. ಈ ಶುಲ್ಕ 2022ರ ಏಪ್ರಿಲ್ 1ರಿಂದ ಕಾರಿಗೆ 600ರಿಂದ 5,000 ರೂಪಾಯಿಗೆ ಏರಿದೆ. ಜೊತೆಗೆ ಹಸಿರು ತೆರಿಗೆ ಇದೆ. ನಮ್ಮ ಕಾರಿಗೆ 2026ಕ್ಕೆ 15 ತುಂಬುತ್ತೆ, ಹಾಗಾಗಿ ಈ ಖರ್ಚನ್ನ ಲೆಕ್ಕಕ್ಕೆ ಸೇರಿಸಲೇಬೇಕು.

ಇನ್ನೊಂದು ವಿಷಯ ಪೆಟ್ರೋಲ್. ಈಗ ಬಂಕ್‌ಗಳಲ್ಲಿ ಸಿಗೋದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೇ ಕಾರುಗಳನ್ನ ಇದಕ್ಕೆ ಅಂತ ಮಾಡಿರಲಿಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತೆ, ಹಳೇ ರಬ್ಬರ್ ಪೈಪುಗಳನ್ನ ಆಗಾಗ ನೋಡ್ತಿರಬೇಕು.

ಮೂರನೇ ಪಾಠ: ವರ್ಷಕ್ಕೆ ಎಷ್ಟು?

ಹಳೇ ಕಾರಿನ ರಿಪೇರಿ ಬಿಲ್‌ನ ಹೊಸ ಕಾರಿನ ಇಎಂಐ ಪಕ್ಕ ಇಟ್ಟು ನೋಡೋದು ತಪ್ಪು ಹೋಲಿಕೆ. ಎಲ್ಲಾ ಖರ್ಚನ್ನೂ ವರ್ಷದ ಲೆಕ್ಕಕ್ಕೆ ತರಬೇಕು. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಅಂತ ಸುಲಭಕ್ಕೆ ಹಿಡಿದಿದೀವಿ.

ಹಳೇ ಕಾರು: ಮುಂದಿನ ವರ್ಷ ಕ್ಲಚ್ ಬರಲ್ಲ, ಆದ್ರೆ ಸಸ್ಪೆನ್ಷನ್, ಬ್ರೇಕ್ ಕೆಲಸ ಇದೆ. ಹಾಗಾಗಿ ರಿಪೇರಿ 36,000 ಅಂತಲೇ ಇಡೋಣ. ಥರ್ಡ್ ಪಾರ್ಟಿ ಇನ್ಶೂರೆನ್ಸ್ 4,000. ಟಯರ್ ಪಾಲು 4,000. ಆರ್‌ಸಿ ಪಾಲು 1,000. ಕಾರಿನ ಬೆಲೆ ಇಳಿಯೋದು 15,000. ಲೀಟರಿಗೆ 14 ಕಿ.ಮೀ.ನಂತೆ ಪೆಟ್ರೋಲ್ 57,000. ಒಟ್ಟು 1,17,000.

ಹೊಸ ಕಾರು: ಎಕ್ಸ್ ಶೋರೂಮ್ 6 ಲಕ್ಷದ ಕಾರು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರೋದು ನಿಜ. ಆದ್ರೆ ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ. 14, ಅದರ ಮೇಲೆ ಸೆಸ್. ಇನ್ಶೂರೆನ್ಸ್ ಎಲ್ಲಾ ಸೇರಿ ಆನ್‌ರೋಡ್ ಸುಮಾರು 7.25 ಲಕ್ಷ. ಹಳೇ ಕಾರಿನ 90,000 ಮತ್ತು ಉಳಿತಾಯದ 1.35 ಲಕ್ಷ ಕಳೆದು 5 ಲಕ್ಷ ಸಾಲ. ಶೇ. 9ರಂತೆ ಐದು ವರ್ಷಕ್ಕೆ ತಿಂಗಳ ಇಎಂಐ ಸುಮಾರು 10,380, ಕಟ್ಟೋ ಬಡ್ಡಿ 1.23 ಲಕ್ಷ. ಐದು ವರ್ಷ ತುಂಬೋ ಹೊತ್ತಿಗೆ ಇನ್ಶೂರೆನ್ಸ್ ಲೆಕ್ಕದಲ್ಲೇ ಕಾರಿನ ಬೆಲೆ ಅರ್ಧ, ಅಂದ್ರೆ 3 ಲಕ್ಷ. ಹಾಗಾಗಿ ವರ್ಷಕ್ಕೆ ಬೆಲೆ ಇಳಿಕೆ 85,000, ಬಡ್ಡಿ 24,500, ಇನ್ಶೂರೆನ್ಸ್ 15,000, ಸರ್ವಿಸ್ 8,000, ಲೀಟರಿಗೆ 20 ಕಿ.ಮೀ.ನಂತೆ ಪೆಟ್ರೋಲ್ 40,000. ಎಫ್‌ಡಿ ಮುರಿದ 1.35 ಲಕ್ಷಕ್ಕೆ ಶೇ. 7ರಂತೆ ಕೈತಪ್ಪೋ ಬಡ್ಡಿ 9,450. ಒಟ್ಟು ಸುಮಾರು 1,82,000.

ಸೆಕೆಂಡ್ ಹ್ಯಾಂಡ್: ಐದು ವರ್ಷ ಹಳೇ ಕಾರು, ಬೆಲೆ 4 ಲಕ್ಷ. ಸಾಲ 1.75 ಲಕ್ಷ, ಶೇ. 13, ಮೂರು ವರ್ಷ. ಇಎಂಐ ಸುಮಾರು 5,900. ವರ್ಷಕ್ಕೆ ಬೆಲೆ ಇಳಿಕೆ 36,000, ಬಡ್ಡಿಯ ಪಾಲು 7,500, ಇನ್ಶೂರೆನ್ಸ್ 10,000, ರಿಪೇರಿ 18,000, ಟಯರ್ 4,000, ಪೆಟ್ರೋಲ್ 44,400, ಎಫ್‌ಡಿ ಬಡ್ಡಿ 9,450. ಒಟ್ಟು ಸುಮಾರು 1,29,000.

ನೋಡಿ, ಹೊಸ ಕಾರು ಹಳೇ ಕಾರಿಗಿಂತ ವರ್ಷಕ್ಕೆ 65,000 ಜಾಸ್ತಿ. ಬೇರೆ ಥರ ಹೇಳೋದಾದ್ರೆ, ಈ ಹಳೇ ಕಾರು ವರ್ಷಕ್ಕೆ 1,01,000 ರೂಪಾಯಿ ರಿಪೇರಿ ಕೇಳಿದಾಗ ಮಾತ್ರ ಹೊಸ ಕಾರು ಅದಕ್ಕೆ ಸಮ. ಹೊಸ ಕಾರು ಮೈಲೇಜಿನಲ್ಲಿ ಉಳಿಸೋದು 17,000, ಬೆಲೆ ಇಳಿಕೆಯಲ್ಲಿ ತಿನ್ನೋದು 85,000. ಮೈಲೇಜ್ ನೋಡಿ ಹೊಸ ಕಾರು ತಗೊಳ್ಳೋರು ಈ ಸಾಲನ್ನ ಎರಡು ಸಲ ಓದಬೇಕು. ನಿಮ್ಮ ಮನೆಯವರು ವರ್ಷಕ್ಕೆ 25,000 ಕಿ.ಮೀ. ಓಡಿಸೋದಾದ್ರೆ ಉತ್ತರ ಬೇರೆ ಬರಬಹುದು.

ಅಮ್ಮನ ಪ್ರಶ್ನೆ

ಈ ಶೀಟ್ ತೋರಿಸಿದಾಗ ಅಪ್ಪ ಖುಷಿಯಾದ್ರು. ಅಮ್ಮ ಮಾತ್ರ ಒಂದೇ ಪ್ರಶ್ನೆ ಕೇಳಿದ್ರು: "ಹಾರನಹಳ್ಳಿ ಹತ್ರ ಬಿಸಿಲಲ್ಲಿ ಅಜ್ಜಿ ಎರಡು ಗಂಟೆ ಕಾರಲ್ಲಿ ಕೂತಿದ್ರಲ್ಲ, ಅದಕ್ಕೆ ನೀವಿಬ್ರೂ ಎಷ್ಟು ರೂಪಾಯಿ ಹಾಕಿದೀರಾ?"

ನಾವು ಹಾಕಿದ್ದು ಟೋಯಿಂಗ್ ಬಿಲ್ ಮಾತ್ರ. ಆದ್ರೆ ಕಾರು ನಿಲ್ಲೋದಕ್ಕೂ ಬೆಲೆ ಇದೆ. ಆ ಬೆಲೆಯನ್ನ ಹೇಗೆ ಕಟ್ಟೋದು? ಆ ಅಪಾಯ ಬರದ ಹಾಗೆ ಮಾಡೋಕೆ ಎಷ್ಟು ಖರ್ಚಾಗುತ್ತೋ ಅಷ್ಟು ಅಂತ ಇಡೋಣ. ಅಜ್ಜಿಯ ಚೆಕಪ್ ದಿನ ಟ್ಯಾಕ್ಸಿ ಮಾಡಿದ್ರೆ ಹೋಗಿ ಬರೋಕೆ ಸುಮಾರು 1,800. ವರ್ಷಕ್ಕೆ 12 ಸಲ, 21,600. ನಮ್ಮ ಕಾರಿನ ಪೆಟ್ರೋಲ್ ಉಳಿಯೋದು 7,700. ಹಳೇ ಕಾರಿನ ನಿಜವಾದ ಖರ್ಚು ಈಗ ಸುಮಾರು 1,31,000. ಸೆಕೆಂಡ್ ಹ್ಯಾಂಡ್ ಕಾರಿನ 1,29,000ಕ್ಕೆ ಸಮ ಆಗಿಹೋಯ್ತು. ಒಂದೇ ಪ್ರಶ್ನೆಯಿಂದ ಹಳೇ ಕಾರಿನ 12,000 ರೂಪಾಯಿಯ ಲಾಭ ಮಾಯ.

ಇನ್ನೊಂದು ಬೆಲೆ ಕಟ್ಟಲಾಗದ ವಿಷಯ ಇದೆ. ನಮ್ಮ 2011ರ ಕಾರಿನಲ್ಲಿ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ ಇಲ್ಲ. ಭಾರತದಲ್ಲಿ ಎಬಿಎಸ್ ಮತ್ತು ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಗಿದ್ದು 2019ರಲ್ಲಿ, ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಅದಾದ ಮೇಲೆ. ಸೆಕೆಂಡ್ ಹ್ಯಾಂಡ್ ನೋಡೋರು ಅದಕ್ಕೇ 2019ಕ್ಕಿಂತ ಹಿಂದಿನ ಕಾರಾದ್ರೆ ಇವು ಇವೆಯಾ ಅಂತ ಕೇಳಿಯೇ ತಗೊಳ್ಳಬೇಕು.

ಹಾಗಾದ್ರೆ ಏನು ಮಾಡಿದ್ವಿ?

ವರ್ಷದ ಖರ್ಚು ಸಮ ಇದ್ದರೂ ಕೈಯಲ್ಲಿರೋ ದುಡ್ಡು ಸಮ ಇಲ್ಲ. ಆ 1.35 ಲಕ್ಷ ಅನ್ನೋದು ಸುಮ್ನೆ ಬಿದ್ದಿರೋ ಉಳಿತಾಯ ಅಲ್ಲ, ನಮ್ಮ ಮುಂದಿನ ವರ್ಷದ ಕಾಲೇಜು ಫೀಸು ಮತ್ತು ಹಾಸ್ಟೆಲ್. ಅದನ್ನ ಕಾರಿಗೆ ಹಾಕಿ, ತಿಂಗಳಿಗೆ 5,900 ಇಎಂಐ ಬೇರೆ ಕಟ್ಟಿ, ಆಮೇಲೆ ಫೀಸಿಗೆ ಸಾಲ ಮಾಡೋದು ಬೇಡ ಅಂತ ತೀರ್ಮಾನ ಆಯ್ತು. ಕಾರು ಇನ್ನೆರಡು ವರ್ಷ ಇರುತ್ತೆ. ಅಜ್ಜಿಗೆ ಟ್ಯಾಕ್ಸಿ. ಮೊದಲು ಬ್ರೇಕ್, ಸಸ್ಪೆನ್ಷನ್, ಟಯರ್, ಆಮೇಲೆ ಎಸಿ. ರಾತ್ರಿ ಹೆದ್ದಾರಿ ಪ್ರಯಾಣ ಇಲ್ಲ, ಶಿರಾಡಿ ಘಾಟಿ ಕಡೆ ತಗೊಂಡು ಹೋಗೋ ಹಾಗಿಲ್ಲ, ಹಿಂದೆ ಕೂತವರೂ ಸೀಟ್ ಬೆಲ್ಟ್ ಹಾಕಬೇಕು. ಅಮ್ಮನಿಗೆ ಇದು ಇವತ್ತಿಗೂ ಪೂರ್ತಿ ಒಪ್ಪಿಗೆ ಇಲ್ಲ. ಅವರ ವಾದದಲ್ಲಿ ನ್ಯಾಯ ಇದೆ ಅಂತ ಶೀಟೇ ಹೇಳುತ್ತೆ.

ಕೊನೆಯದಾಗಿ ಒಂದು ಕೆಲಸ ಮಾಡಿದ್ವಿ, ಇದನ್ನ ನೀವೂ ಮಾಡಿ. ಕಾರು ಚೆನ್ನಾಗಿ ಓಡ್ತಿರುವಾಗಲೇ ಅದನ್ನ ಯಾವಾಗ ಬಿಡೋದು ಅಂತ ಬರೆದಿಟ್ವಿ:

ಒಂದೇ ರಿಪೇರಿಗೆ 45,000, ಅಂದ್ರೆ ಕಾರಿನ ಅರ್ಧ ಬೆಲೆ ಬೇಕಾದ್ರೆ ಮಾರೋದು.
ಆರು ತಿಂಗಳಲ್ಲಿ ಎರಡು ಸಲ ದಾರಿಯಲ್ಲಿ ನಿಂತರೆ ಮಾರೋದು.
ಎಂಜಿನ್, ಗೇರ್‌ಬಾಕ್ಸ್ ಅಥವಾ ಚಾಸಿಸ್ ತೊಂದರೆ ಬಂದ್ರೆ ಮಾರೋದು.

ಈ ಚೀಟಿ ಆರ್‌ಸಿ ಜೊತೆ ಡ್ಯಾಶ್‌ಬೋರ್ಡಿನಲ್ಲಿದೆ. ಸಿಟ್ಟು ಬಂದ ದಿನವೂ, ಮೋಹ ಬಂದ ದಿನವೂ ಅದೇ ಚೀಟಿ ಓದಬೇಕು. ಈ ಸಲ ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯ ಕಾರಿನ ಒಂದು ವರ್ಷದ ಬಿಲ್‌ಗಳನ್ನ ಹುಡುಕಿ ತೆಗೀರಿ. ಒಂದು ಸಂಜೆಯ ಕೆಲಸ ಅಷ್ಟೆ. ಲೆಕ್ಕ ಮುಗಿದ ಮೇಲೆ ಶೀಟನ್ನ ಮನೆಯ ಎಲ್ಲರಿಗೂ ತೋರಿಸಿ, ಮುಖ್ಯವಾಗಿ ಕಾರು ಓಡಿಸದೆ ಬರೀ ಕೂತು ಪ್ರಯಾಣ ಮಾಡೋರಿಗೆ. ಬಿಟ್ಟುಹೋದ ಖರ್ಚು ಯಾವುದು ಅಂತ ಅವರೇ ಹೇಳ್ತಾರೆ.