ಸುತ್ತಿಗೆ ಹುಡುಕಲು ಹೋದವರಿಗೆ ನಿಧಿ ಸಿಕ್ಕಿತು! ಲೋಹಶೋಧಕವನ್ನು ಆರಿಸುವುದು ಹೇಗೆ?

ಮಕ್ಕಳೇ, ಹೊಲದಲ್ಲಿ ಕೆಲಸ ಮಾಡುವಾಗ ಕುಡುಗೋಲೋ ಸುತ್ತಿಗೆಯೋ ಕಳೆದುಹೋದರೆ ನಿಮ್ಮ ಮನೆಯವರು ಏನು ಮಾಡುತ್ತಾರೆ? ಒಂದಷ್ಟು ಹೊತ್ತು ಹುಡುಕಿ, ಬೈದುಕೊಂಡು ಮನೆಗೆ ಬರುತ್ತಾರೆ, ಅಲ್ಲವೇ? ಇಂಗ್ಲೆಂಡಿನ ಸಫೋಕ್ ಎಂಬ ಪ್ರಾಂತದ ಹಾಕ್ಸನ್ ಹಳ್ಳಿಯಲ್ಲಿ 1992ರ ನವೆಂಬರಿನಲ್ಲಿ ಒಬ್ಬ ರೈತರ ಸುತ್ತಿಗೆ ಹೀಗೆಯೇ ಕಳೆದುಹೋಯಿತು. ಅವರು ತಮ್ಮ ಗೆಳೆಯ ಎರಿಕ್ ಲಾಸ್ ಅವರನ್ನು ಕರೆದರು. ಲಾಸ್ ಅವರ ಬಳಿ ಒಂದು ಲೋಹಶೋಧಕ ಯಂತ್ರವಿತ್ತು. ಅದನ್ನು ಹಿಡಿದು ಹೊಲದಲ್ಲಿ ನಡೆದಾಗ ಯಂತ್ರ ಕೂಗಿತು. ಅಗೆದು ನೋಡಿದರೆ ಬೆಳ್ಳಿಯ ಚಮಚಗಳು, ಚಿನ್ನದ ಆಭರಣಗಳು, ನಾಣ್ಯಗಳು!

ಲಾಸ್ ಆಗ ಮಾಡಿದ ಕೆಲಸವನ್ನು ನೀವು ಗಮನಿಸಬೇಕು. ಅವರು ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ ಪೊಲೀಸರಿಗೆ ಮತ್ತು ಜಮೀನಿನ ಒಡೆತನ ಹೊಂದಿದ್ದ ಸ್ಥಳೀಯ ಆಡಳಿತಕ್ಕೆ ತಿಳಿಸಿದರು. ಮರುದಿನ ಪುರಾತತ್ವ ತಜ್ಞರು ಬಂದು ಮಣ್ಣನ್ನು ಎಚ್ಚರದಿಂದ ತೆಗೆದರು. ಸುಮಾರು 15 ಸಾವಿರ ರೋಮನ್ ನಾಣ್ಯಗಳು ಸಿಕ್ಕವು. ಯಾರೂ ಕೆದಕಿರಲಿಲ್ಲವಾದ್ದರಿಂದ, ಇವೆಲ್ಲ ಒಂದು ಮರದ ಪೆಟ್ಟಿಗೆಯಲ್ಲಿದ್ದವು, ಅದರೊಳಗೆ ಚಿಕ್ಕ ಪೆಟ್ಟಿಗೆಗಳೂ ಇದ್ದವು ಎಂಬುದು ತಿಳಿಯಿತು. ಮರ ಕೊಳೆತುಹೋಗಿದ್ದರೂ ವಸ್ತುಗಳನ್ನು ಜೋಡಿಸಿಟ್ಟ ಕ್ರಮ ಉಳಿದಿತ್ತು. ನಿಧಿಗೆ 17.5 ಲಕ್ಷ ಪೌಂಡ್ ಬಹುಮಾನ ದೊರೆಯಿತು. ಲಾಸ್ ಅದನ್ನು ರೈತರೊಂದಿಗೆ ಹಂಚಿಕೊಂಡರು. ಅಂದಹಾಗೆ ಸುತ್ತಿಗೆಯೂ ಸಿಕ್ಕಿತು! ಅದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸಂಗ್ರಹದಲ್ಲಿದೆ.

ಇಂಗ್ಲೆಂಡಿನಲ್ಲಿ ಭಾನುವಾರ ಬಂದರೆ ಲೋಹಶೋಧಕ ಹಿಡಿದು ಹೊಲಗಳಲ್ಲಿ ಅಡ್ಡಾಡುವ ಹವ್ಯಾಸಿಗಳು ಸಾವಿರಾರು ಮಂದಿ ಇದ್ದಾರೆ. ಅವರು ಹೊಸ ಯಂತ್ರ ಕೊಳ್ಳುವಾಗ ಏನೇನು ನೋಡುತ್ತಾರೆ? ನಾವು ಆ ಯಂತ್ರವನ್ನು ಕೊಳ್ಳುವುದಿಲ್ಲ, ನಿಜ. ಆದರೆ ಎರಡು ಯಂತ್ರಗಳನ್ನು ಹೋಲಿಸಲು ಹೊರಟರೆ ಅವುಗಳೊಳಗಿನ ಭೌತಶಾಸ್ತ್ರವೆಲ್ಲ ಹೊರಗೆ ಬರುತ್ತದೆ.

ಯಂತ್ರಕ್ಕೆ ಗೊತ್ತಾಗುವುದು ಹೇಗೆ?

ಲೋಹಶೋಧಕ ಅಯಸ್ಕಾಂತವಲ್ಲ. ಅಯಸ್ಕಾಂತ ಕಬ್ಬಿಣವನ್ನು ಸೆಳೆಯುತ್ತದೆ, ಚಿನ್ನವನ್ನು ಸೆಳೆಯುವುದಿಲ್ಲ. ಹಾಗಾದರೆ ಚಿನ್ನ ಗೊತ್ತಾಗುವುದು ಹೇಗೆ?

ಯಂತ್ರದ ಕೆಳತುದಿಯಲ್ಲಿ ತಟ್ಟೆಯಂತಹ ಭಾಗವಿರುತ್ತದೆ. ಅದರೊಳಗೆ ತಾಮ್ರದ ತಂತಿ ಸುರುಳಿಗಳಿವೆ. ಒಂದು ಸುರುಳಿಯಲ್ಲಿ ದಿಕ್ಕು ಬದಲಿಸುತ್ತಿರುವ ವಿದ್ಯುತ್ ಹರಿಯುತ್ತದೆ. ಆಗ ಅದರ ಸುತ್ತ ಬದಲಾಗುತ್ತಿರುವ ಕಾಂತಕ್ಷೇತ್ರ ಉಂಟಾಗಿ ಮಣ್ಣಿನೊಳಗೂ ಹರಡುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಪುಟ್ಟ ಪುಟ್ಟ ಸುಳಿಗಳಂತೆ ವಿದ್ಯುತ್ ಹರಿಯತೊಡಗುತ್ತದೆ. ಇದನ್ನು ಸುಳಿ ವಿದ್ಯುತ್ ಎನ್ನುತ್ತಾರೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದಕ್ಕೆ ಕಾರಣ. ಸುಳಿ ವಿದ್ಯುತ್ತು ತನ್ನದೇ ಆದ ಕಾಂತಕ್ಷೇತ್ರವನ್ನು ಹೊರಡಿಸುತ್ತದೆ. ಎರಡನೆಯ ಸುರುಳಿ ಅದನ್ನು ಗ್ರಹಿಸುತ್ತದೆ, ಯಂತ್ರ ಕೂಗುತ್ತದೆ. ಅಂದರೆ ಯಂತ್ರ ಮಣ್ಣಿಗೆ ಒಂದು ಪ್ರಶ್ನೆ ಕೇಳುತ್ತದೆ. ಲೋಹವಿದ್ದರೆ ಅದು 'ಓ' ಎನ್ನುತ್ತದೆ.

ಎಲ್ಲ ಲೋಹಗಳೂ ಒಂದೇ ರೀತಿ 'ಓ' ಎನ್ನುವುದಿಲ್ಲ. ದೇವಸ್ಥಾನದ ಗಂಟೆಯನ್ನು ಬಾರಿಸಿದರೆ ನಾದ ಬಹಳ ಹೊತ್ತು ಉಳಿಯುತ್ತದೆ. ಮಣ್ಣಿನ ಮಡಕೆಯನ್ನು ಬಡಿದರೆ ಸದ್ದು ಅಲ್ಲೇ ಮುಗಿಯುತ್ತದೆ. ಹಾಗೆಯೇ ದಪ್ಪನೆಯ ಬೆಳ್ಳಿ ನಾಣ್ಯದಲ್ಲಿ ಸುಳಿ ವಿದ್ಯುತ್ತು ಹೆಚ್ಚು ಹೊತ್ತು ಉಳಿಯುತ್ತದೆ, ತೆಳುವಾದ ಹಾಳೆಯಲ್ಲಿ ಬೇಗ ಸಾಯುತ್ತದೆ. ಯಂತ್ರ ಈ ವ್ಯತ್ಯಾಸವನ್ನು ಅಳೆದು ಪರದೆಯ ಮೇಲೆ ಒಂದು ಸಂಖ್ಯೆ ತೋರಿಸುತ್ತದೆ. ಹಳೆಯ ಕಬ್ಬಿಣದ ಮೊಳೆಗೆ ಒಂದು ಸಂಖ್ಯೆ, ಬೆಳ್ಳಿ ನಾಣ್ಯಕ್ಕೆ ಬೇರೊಂದು.

ಹಾಗಾದರೆ ಕಸವನ್ನು ಬಿಟ್ಟು ಬರೀ ಚಿನ್ನವನ್ನೇ ಅಗೆಯಬಹುದಲ್ಲ ಎಂದು ನಿಮಗೆ ಅನಿಸಬಹುದು. ಇಲ್ಲೇ ತೊಡಕಿರುವುದು. ಸಣ್ಣ ಚಿನ್ನದ ಉಂಗುರದ ಸಂಖ್ಯೆಯೂ ತಂಪು ಪಾನೀಯದ ಡಬ್ಬಿ ತೆರೆಯುವ ಅಲ್ಯೂಮಿನಿಯಂ ಕೊಂಡಿಯ ಸಂಖ್ಯೆಯೂ ಹತ್ತಿರ ಹತ್ತಿರ ಬರುತ್ತವೆ. ಯಂತ್ರ ಅಳೆಯುವುದು ಲೋಹದ ಹೆಸರನ್ನಲ್ಲ. ಅದರ ವಾಹಕತೆ, ಗಾತ್ರ, ಆಕಾರ ಎಲ್ಲ ಬೆರೆತ ಒಂದು ಉತ್ತರವನ್ನು ಮಾತ್ರ. ಕೊಂಡಿಯನ್ನು ಬೇಡವೆಂದು ಬಿಟ್ಟವನು ಉಂಗುರವನ್ನೂ ಬಿಟ್ಟು ಬರುತ್ತಾನೆ.

ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ

ಅಂಗಡಿಯವರು ಮೊದಲು ಬೆಲೆ ಹೇಳುತ್ತಾರೆ. ಅನುಭವಿ ಹವ್ಯಾಸಿಗಳು ಮಾತ್ರ ತಮಗೆ ತಾವೇ ಬೇರೆ ಪ್ರಶ್ನೆ ಕೇಳಿಕೊಳ್ಳುತ್ತಾರೆ: ಎಲ್ಲಿ ಹುಡುಕುತ್ತೇನೆ? ಏನನ್ನು ಹುಡುಕುತ್ತೇನೆ?

ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಅತ್ತಿಂದಿತ್ತ ಹರಿಯುತ್ತದೆ ಎಂಬುದು ಅದರ ಆವೃತ್ತಿ. ಸೆಕೆಂಡಿಗೆ ಸಾವಿರ ಸಲವಾದರೆ ಒಂದು ಕಿಲೋಹರ್ಟ್ಸ್. ಸುಮಾರು 7 ಕಿಲೋಹರ್ಟ್ಸ್‌ನಂತಹ ಕಡಿಮೆ ಆವೃತ್ತಿ ದೊಡ್ಡ ಬೆಳ್ಳಿ ನಾಣ್ಯಗಳಿಗೆ ಒಳ್ಳೆಯದು. 40 ಕಿಲೋಹರ್ಟ್ಸ್‌ಗೂ ಹೆಚ್ಚಿನ ಆವೃತ್ತಿ ಅಕ್ಕಿಕಾಳಿನಷ್ಟು ಚಿಕ್ಕ ಚಿನ್ನದ ಹರಳನ್ನೂ ಗುರುತಿಸಬಲ್ಲದು, ಆದರೆ ಮಣ್ಣಿನ ಖನಿಜಗಳಿಂದ ಅದಕ್ಕೆ ಗೊಂದಲ ಜಾಸ್ತಿ. ಇಂಗ್ಲೆಂಡಿನ ಹೊಲದಲ್ಲಿ ನಡೆಯುವವರಿಗೆ ಇವೆರಡರ ನಡುವಿನದು ಸಾಕಾಗುತ್ತದೆ. ಈಗ ಒಂದೇ ಸಲಕ್ಕೆ ಹಲವು ಆವೃತ್ತಿಗಳನ್ನು ಬಳಸುವ ಯಂತ್ರಗಳೂ ಇವೆ, ಬೆಲೆಯೂ ಹಾಗೆಯೇ ಇದೆ.

ಆಸ್ಟ್ರೇಲಿಯದ ಕಥೆ ಬೇರೆ. ಅಲ್ಲಿನ ಚಿನ್ನದ ಪ್ರದೇಶಗಳ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ತುಂಬಿದೆ. ಮಣ್ಣೇ 'ಓ' ಎಂದರೆ ಯಂತ್ರ ಏನು ಮಾಡಬೇಕು? ಇದಕ್ಕಾಗಿ ಮಣ್ಣಿನ ಉತ್ತರವನ್ನು ಲೆಕ್ಕದಿಂದ ಕಳೆಯುವ ವ್ಯವಸ್ಥೆ ಬೇಕು. ಅಲ್ಲಿ ಹೆಚ್ಚಾಗಿ ಸ್ಪಂದನ ವಿಧಾನದ ಯಂತ್ರಗಳನ್ನು ಬಳಸುತ್ತಾರೆ. ಇವು ವಿದ್ಯುತ್ತನ್ನು ಒಂದು ಕ್ಷಣ ಹರಿಸಿ ತಟ್ಟನೆ ನಿಲ್ಲಿಸುತ್ತವೆ, ಅನಂತರ ಉಳಿದ ನಾದವನ್ನಷ್ಟೇ ಆಲಿಸುತ್ತವೆ. ಆಳಕ್ಕೆ ಇಳಿಯುವುದರಲ್ಲಿ ಇವು ಮುಂದು. ಮೊಳೆಯನ್ನೂ ಚಿನ್ನವನ್ನೂ ಬೇರ್ಪಡಿಸುವುದರಲ್ಲಿ ಹಿಂದು. ಒದ್ದೆಯಾದ ಸಮುದ್ರತೀರದಲ್ಲಿಯೂ ಇಂಥದ್ದೇ ತೊಂದರೆ, ಏಕೆಂದರೆ ಉಪ್ಪುನೀರು ವಿದ್ಯುತ್ ವಾಹಕ.

ಇನ್ನು ಸುರುಳಿಯ ಗಾತ್ರ. ದೊಡ್ಡ ತಟ್ಟೆ ಹೆಚ್ಚು ಆಳ ನೋಡುತ್ತದೆ, ಆದರೆ ಪಕ್ಕಪಕ್ಕದಲ್ಲಿರುವ ಮೊಳೆ ಮತ್ತು ನಾಣ್ಯವನ್ನು ಒಂದಾಗಿಸಿಬಿಡುತ್ತದೆ. ಕಸ ತುಂಬಿದ ಕಡೆ ಚಿಕ್ಕ ತಟ್ಟೆಯೇ ವಾಸಿ. ತೂಕವನ್ನೂ ಮರೆಯಬಾರದು. ಒಂದೂವರೆ ಕಿಲೋ ಎಂದರೆ ಕೈಯಲ್ಲಿ ಹಿಡಿದು ನೋಡಿದಾಗ ಏನೂ ಅಲ್ಲ. ಐದು ಗಂಟೆ ಬೀಸಿದ ಮೇಲೆ ಭುಜಕ್ಕೆ ಗೊತ್ತಾಗುತ್ತದೆ.

ಎಷ್ಟು ಆಳ?

ಜಾಹೀರಾತುಗಳು ಅತಿ ಹೆಚ್ಚು ಸುಳ್ಳು ಹೇಳುವುದು ಆಳದ ಬಗ್ಗೆ. ಹವ್ಯಾಸಿಗಳ ಸಾಮಾನ್ಯ ಯಂತ್ರಕ್ಕೆ ಒಂದು ನಾಣ್ಯ ಸುಮಾರು 20ರಿಂದ 30 ಸೆಂಟಿಮೀಟರ್ ಆಳದವರೆಗೆ ಗೊತ್ತಾದರೆ ಅದೇ ಹೆಚ್ಚು. ನಿಮ್ಮ ಅಳತೆಪಟ್ಟಿಯ ಉದ್ದ, ಅಷ್ಟೇ!

ಏಕೆ ಗೊತ್ತೇ? ಸುರುಳಿಯಿಂದ ದೂರ ಹೋದಂತೆ ಕಾಂತಕ್ಷೇತ್ರ ಬಹಳ ಬೇಗ ಕುಗ್ಗುತ್ತದೆ. ತಟ್ಟೆಯ ಅಗಲಕ್ಕಿಂತ ಹೆಚ್ಚು ಆಳದಲ್ಲಿ, ದೂರ ಎರಡು ಪಟ್ಟಾದರೆ ಕ್ಷೇತ್ರ ಸುಮಾರು ಎಂಟರಲ್ಲಿ ಒಂದು ಭಾಗವಾಗುತ್ತದೆ. ನಾಣ್ಯದಿಂದ ಮರಳಿ ಬರುವ ಉತ್ತರವೂ ದಾರಿಯಲ್ಲಿ ಅದೇ ರೀತಿ ಎಂಟರಲ್ಲಿ ಒಂದು ಭಾಗವಾಗುತ್ತದೆ. ಎಂಟು ಎಂಟಲ 64. ಆಳ ಎರಡು ಪಟ್ಟಾದಾಗ ಯಂತ್ರದ ಕಿವಿಗೆ ಬೀಳುವುದು 64ರಲ್ಲಿ ಒಂದು ಪಾಲು ಮಾತ್ರ! ಆದ್ದರಿಂದ ಹತ್ತು ಪಟ್ಟು ಬೆಲೆ ಕೊಟ್ಟರೂ ಹತ್ತು ಪಟ್ಟು ಆಳ ಸಿಗುವುದಿಲ್ಲ. 2009ರಲ್ಲಿ ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಸಿಕ್ಕ ಪ್ರಸಿದ್ಧ ನಿಧಿಯಲ್ಲಿ ಸುಮಾರು 4 ಕಿಲೋ ಚಿನ್ನವಿತ್ತು. ಅದನ್ನು ಪತ್ತೆ ಮಾಡಿದ ಟೆರ್ರಿ ಹರ್ಬರ್ಟ್ ಅವರ ಕೈಯಲ್ಲಿ ಇದ್ದದ್ದು ಹಳೆಯ ಯಂತ್ರ. ನೇಗಿಲು ಆ ವಸ್ತುಗಳನ್ನು ಮೇಲಕ್ಕೆ ತಂದಿತ್ತು.

"ಸಾರ್, ಇದನ್ನು ಕೋಲಾರಕ್ಕೆ ಒಯ್ದರೆ?" ಎಂದು ಒಂದು ಶಾಲೆಯಲ್ಲಿ ಏಳನೆಯ ತರಗತಿಯ ಹುಡುಗನೊಬ್ಬ ನನ್ನನ್ನು ಕೇಳಿದ. ಪ್ರಶ್ನೆ ಚೆನ್ನಾಗಿದೆ. ಆದರೆ 2001ರಲ್ಲಿ ಮುಚ್ಚಿದ ಕೋಲಾರದ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳವಾಗಿತ್ತು. ಚಿನ್ನದ ಅದಿರಿನಲ್ಲಿ ಒಂದು ಟನ್ ಕಲ್ಲಿಗೆ ಕೆಲವೇ ಗ್ರಾಂ ಚಿನ್ನ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹರಡಿರುತ್ತದೆ. ಸುಳಿ ವಿದ್ಯುತ್ತು ಸುತ್ತಲು ಅಲ್ಲಿ ಜಾಗವೇ ಇಲ್ಲ!

ಯಂತ್ರವೂ ತಪ್ಪುತ್ತದೆ

1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರಿಗೆ ಒಬ್ಬ ಗುಂಡು ಹಾರಿಸಿದ. ಗುಂಡು ದೇಹದೊಳಗೆ ಎಲ್ಲಿದೆ ಎಂಬುದು ವೈದ್ಯರಿಗೆ ತಿಳಿಯಲಿಲ್ಲ. ಎಕ್ಸ್-ಕಿರಣಗಳು ಆಗ ಇನ್ನೂ ಗೊತ್ತಿರಲಿಲ್ಲ. ಟೆಲಿಫೋನ್ ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವಸರದಲ್ಲಿ ಒಂದು ಲೋಹಶೋಧಕ ತಯಾರಿಸಿ ತಂದರು. ಆದರೆ ಅಧ್ಯಕ್ಷರು ಮಲಗಿದ್ದ ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗುಗಳಿದ್ದವು. ಗುಂಡು ಬಲಭಾಗದಲ್ಲಿದೆ ಎಂದು ನಂಬಿದ್ದ ಮುಖ್ಯ ವೈದ್ಯರು ಆ ಭಾಗವನ್ನು ಮಾತ್ರ ಪರೀಕ್ಷಿಸಲು ಬಿಟ್ಟರು. ಗುಂಡು ಎಡಭಾಗದಲ್ಲಿತ್ತು. ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ತೀರಿಕೊಂಡರು. ಯಂತ್ರದ ತತ್ವ ಸರಿಯಾಗಿಯೇ ಇತ್ತು, ಬಳಸಿದ ರೀತಿ ಸರಿಯಿರಲಿಲ್ಲ.

ತತ್ವವೇ ಇಲ್ಲದ ಯಂತ್ರಗಳೂ ಇವೆ. ಒಂದು ಹಿಡಿ, ಅದಕ್ಕೊಂದು ಅಲ್ಲಾಡುವ ಕಡ್ಡಿ. "ನೂರಾರು ಮೀಟರ್ ದೂರದ ಚಿನ್ನದ ಕಡೆಗೆ ಕಡ್ಡಿ ತಿರುಗುತ್ತದೆ" ಎಂದು ಹೇಳಿ ಮಾರುತ್ತಾರೆ. ಇದು ತಮಾಷೆಯಲ್ಲ. ಇದೇ ಬಗೆಯ ಎಡಿಇ 651 ಎಂಬ ಉಪಕರಣವನ್ನು ಬಾಂಬ್ ಪತ್ತೆ ಮಾಡುತ್ತದೆಂದು ಹೇಳಿ ಇರಾಕಿಗೆ ಮಾರಲಾಗಿತ್ತು. ಬಾಗ್ದಾದಿನ ತಪಾಸಣಾ ಠಾಣೆಗಳಲ್ಲಿ ಸೈನಿಕರು ಅದನ್ನೇ ನಂಬಿ ವಾಹನಗಳನ್ನು ಬಿಡುತ್ತಿದ್ದರು. ಅದರಲ್ಲಿ ಬ್ಯಾಟರಿಯೂ ಇರಲಿಲ್ಲ! ಮಾರಿದ ಜೇಮ್ಸ್ ಮೆಕಾರ್ಮಿಕ್ ಎಂಬಾತನಿಗೆ 2013ರಲ್ಲಿ ಬ್ರಿಟನ್ನಿನ ನ್ಯಾಯಾಲಯ 10 ವರ್ಷ ಜೈಲು ಶಿಕ್ಷೆ ವಿಧಿಸಿತು.

ನಮ್ಮ ಕಡೆಯೂ ಇಂಥ ಕಡ್ಡಿ ಹಿಡಿದು ಬಂದವನಿಗೆ ಹಣ ಕೊಟ್ಟವರನ್ನು ನಾನು ಕಂಡಿದ್ದೇನೆ. ನಿಧಿಯ ಆಸೆಗೆ ಪಾಳುಬಿದ್ದ ಗುಡಿಗಳ ಗರ್ಭಗುಡಿಯನ್ನು ಅಗೆದವರಿದ್ದಾರೆ, ವೀರಗಲ್ಲುಗಳನ್ನು ಕಿತ್ತು ಕೆಡವಿದವರಿದ್ದಾರೆ. ಚಿನ್ನ ಸಿಗುವುದಿಲ್ಲ. ಊರಿನ ಇತಿಹಾಸ ಬರೆದಿದ್ದ ಒಂದೇ ಒಂದು ಕಲ್ಲು ಒಡೆದುಹೋಗುತ್ತದೆ.

ಕಾನೂನು ಏನು ಹೇಳುತ್ತದೆ?

ಇಂಗ್ಲೆಂಡಿನಲ್ಲಿ ಜಮೀನಿನ ಒಡೆಯರ ಅನುಮತಿ ಇಲ್ಲದೆ ಹುಡುಕುವಂತಿಲ್ಲ. ಸಂರಕ್ಷಿತ ಸ್ಮಾರಕಗಳಿರುವ ಜಾಗದಲ್ಲಿ ಸರಕಾರದ ಒಪ್ಪಿಗೆಯಿಲ್ಲದೆ ಯಂತ್ರ ಬಳಸುವುದೇ ಅಪರಾಧ. 1996ರ ನಿಧಿ ಕಾಯ್ದೆಯ ಪ್ರಕಾರ ನಿಧಿ ಸಿಕ್ಕವರು 14 ದಿನಗಳೊಳಗೆ ವರದಿ ಮಾಡಬೇಕು. ಮ್ಯೂಸಿಯಂ ಅದನ್ನು ಕೊಂಡರೆ ಹಣ ಸಾಮಾನ್ಯವಾಗಿ ಹುಡುಕಿದವರಿಗೂ ಜಮೀನಿನವರಿಗೂ ಹಂಚಿಕೆಯಾಗುತ್ತದೆ. ನಮ್ಮಲ್ಲಿ 1878ರ ಭಾರತೀಯ ನಿಧಿ ಕಾಯ್ದೆ ಹತ್ತು ರೂಪಾಯಿ ಮೀರಿದ ನಿಧಿ ಸಿಕ್ಕರೆ ಸರಕಾರಕ್ಕೆ ತಿಳಿಸಬೇಕೆಂದು ಹೇಳಿತು. ಕರ್ನಾಟಕಕ್ಕೆ 1962ರ ತನ್ನದೇ ಕಾಯ್ದೆಯಿದೆ. ಬಾವಿ ತೋಡುವಾಗಲೋ ಪಾಯ ಅಗೆಯುವಾಗಲೋ ಹಳೆಯ ನಾಣ್ಯದ ಗಡಿಗೆ ಸಿಕ್ಕರೆ ಕೈಹಾಕದೆ ದೊಡ್ಡವರಿಗೆ ಹೇಳಿ. ಅವರು ಜಿಲ್ಲಾಧಿಕಾರಿಗಳಿಗೆ ವಿಷಯ ಮುಟ್ಟಿಸಲಿ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಒಂದು ಹಿಡಿ ಮಣ್ಣನ್ನೂ ಅಗೆಯಕೂಡದು.

ಮಾಡಿ ನೋಡಿ

1. ಹಳೆಯ ಮತ್ತು ಹೊಸ ನಾಣ್ಯಗಳನ್ನು ಒಟ್ಟುಗೂಡಿಸಿ ಒಂದೊಂದಕ್ಕೂ ಅಯಸ್ಕಾಂತ ಹಿಡಿಯಿರಿ. ಈಗಿನ ಒಂದು ರೂಪಾಯಿ ನಾಣ್ಯ ಅಂಟಿಕೊಳ್ಳುತ್ತದೆ, ಅದು ಉಕ್ಕಿನದು. ಅಜ್ಜಿಯ ಡಬ್ಬಿಯಲ್ಲಿರುವ ಹಳೆಯ ಅಲ್ಯೂಮಿನಿಯಂ ಹತ್ತು ಪೈಸೆ ಅಂಟುವುದಿಲ್ಲ. ಕಬ್ಬಿಣವನ್ನು ಬಿಟ್ಟುಬಿಡುವಂತೆ ಹೊಂದಿಸಿದ ಲೋಹಶೋಧಕ ಇವೆರಡರಲ್ಲಿ ಯಾವುದನ್ನು ಕಡೆಗಣಿಸಬಹುದು? ಯೋಚಿಸಿ.

2. ದಪ್ಪನೆಯ ಅಲ್ಯೂಮಿನಿಯಂ ತಟ್ಟೆ ಅಥವಾ ಪಟ್ಟಿಯನ್ನು ಓರೆಯಾಗಿ ಹಿಡಿದು, ಕೆಟ್ಟುಹೋದ ಇಯರ್‌ಫೋನಿನಿಂದ ತೆಗೆದ ಪುಟ್ಟ ಬಲವಾದ ಅಯಸ್ಕಾಂತವನ್ನು ಜಾರಲು ಬಿಡಿ. ಅಷ್ಟೇ ಓರೆಯಾದ ನುಣುಪು ಹಲಗೆಯ ಮೇಲೂ ಜಾರಿಸಿ ಹೋಲಿಸಿ. ಅಲ್ಯೂಮಿನಿಯಂ ಮೇಲೆ ಅದು ನಿಧಾನವಾಗುತ್ತದೆ, ಯಾರೋ ಹಿಂದಕ್ಕೆ ಎಳೆದಂತೆ. ಎಳೆಯುತ್ತಿರುವುದು ಸುಳಿ ವಿದ್ಯುತ್ತು. (ಚಿಕ್ಕ ತಮ್ಮ ತಂಗಿಯರ ಕೈಗೆ ಈ ಅಯಸ್ಕಾಂತ ಕೊಡಬೇಡಿ, ನುಂಗಿದರೆ ಅಪಾಯ.)

3. ಕಡ್ಡಿಯಿಂದ ಲೋಹ ಪತ್ತೆ ಮಾಡುತ್ತೇನೆ ಎಂದು ಯಾರಾದರೂ ಹೇಳಿದರೆ ಐದು ಮಡಕೆ ತನ್ನಿ. ಅವರು ಹೊರಗಿದ್ದಾಗ ಒಂದರ ಕೆಳಗೆ ಮಾತ್ರ ತಾಮ್ರದ ಚೊಂಬಿಡಿ. ಚೊಂಬು ಇಟ್ಟವರೂ ಅಲ್ಲಿ ನಿಲ್ಲಬಾರದು, ಅವರ ಮುಖವೇ ಉತ್ತರ ಹೇಳಿಬಿಡುತ್ತದೆ. ಹತ್ತು ಸಲ ಮಾಡಿಸಿ ಬರೆದಿಡಿ. ಕಣ್ಣು ಮುಚ್ಚಿ ಹೇಳಿದರೂ ಹತ್ತರಲ್ಲಿ ಸುಮಾರು ಎರಡು ಸರಿಯಾಗುತ್ತವೆ. ಕಡ್ಡಿಯವರಿಗೆ ಎಷ್ಟು ಸರಿಯಾಯಿತು?