ಗಂಡನ ಸಹಿ ಬೇಕಿಲ್ಲ, ವಾರದ ಲೆಕ್ಕ ಬೇಕು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲಾದರೂ ಸರಿ, ‘ಗರ್ಭ ತೆಗೆಸಬೇಕು’ ಎಂದು ಆಸ್ಪತ್ರೆಗೆ ಹೋದ ಹೆಣ್ಣುಮಗಳಿಗೆ ‘ಯಜಮಾನರನ್ನು ಕರ್ಕೊಂಡು ಬನ್ನಿ, ಸೈನ್ ಬೇಕು’ ಎಂಬ ಮಾತು ಎದುರಾಗಬಹುದು. ಕಾನೂನಿನಲ್ಲಿ ಈ ಮಾತಿಲ್ಲ. 18 ತುಂಬಿದವಳಿಗೆ ಒಪ್ಪಿಗೆಯ ‘ಸಿ’ ನಮೂನೆಯಲ್ಲಿ ಅವಳದೇ ಸಹಿ ಸಾಕು. ಗಂಡ, ಅತ್ತೆ, ಅಪ್ಪ ಯಾರದೂ ಬೇಡ. 18 ತುಂಬದವಳಾದರೆ ಅಥವಾ ಮಾನಸಿಕ ಅಸ್ವಸ್ಥೆಯಾದರೆ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು.

ಹಾಗೆಂದು ಕೇಳಿದ ಕೂಡಲೇ ಸಿಗುವ ಹಕ್ಕೂ ಇದಲ್ಲ. ತಾಯಿಯ ಜೀವ ಉಳಿಸಲು ಮಾಡಿದ್ದನ್ನು ಬಿಟ್ಟರೆ, ಗರ್ಭಪಾತ ಮಾಡಿಸುವುದು ಇಂದಿಗೂ ಭಾರತೀಯ ನ್ಯಾಯ ಸಂಹಿತೆಯ 88ನೇ ಸೆಕ್ಷನ್ ಪ್ರಕಾರ ಅಪರಾಧ. 1971ರ ಎಂಟಿಪಿ (ವೈದ್ಯಕೀಯ ಗರ್ಭಪಾತ) ಕಾಯ್ದೆಯ ಷರತ್ತಿಗೆ ಒಳಪಟ್ಟಿದ್ದರೆ ಮಾತ್ರ ರಕ್ಷಣೆ. ತಾಯಿಯ ಜೀವಕ್ಕೆ ಅಪಾಯ, ದೇಹಕ್ಕೋ ಮನಸ್ಸಿಗೋ ತೀವ್ರ ಹಾನಿ, ಮಗುವಿಗೆ ಗಂಭೀರ ಊನ, ಇಂಥ ಕಾರಣವಿದೆ ಎಂದು ವೈದ್ಯರಿಗೆ ಅನ್ನಿಸಬೇಕು. ಗರ್ಭನಿರೋಧಕ ಕೈಕೊಟ್ಟು ನಿಂತ ಬಸಿರಿನ ವೇದನೆಯನ್ನೂ ಮನಸ್ಸಿಗಾದ ತೀವ್ರ ಆಘಾತವೆಂದು ಗಣಿಸಬಹುದೆನ್ನುತ್ತದೆ ಕಾಯ್ದೆ. ಮೊದಲು ಇದು ಮದುವೆಯಾದವರಿಗಷ್ಟೇ ಇತ್ತು. 2021ರ ತಿದ್ದುಪಡಿಯಿಂದ ಯಾವುದೇ ಮಹಿಳೆಗೂ ಅನ್ವಯ.

ಲೆಕ್ಕ ತಪ್ಪುವುದು ವಾರ ಎಣಿಸುವಲ್ಲಿ. ಕೂಡಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಬೇಕು. ಮುಟ್ಟು ನಿಂತಿದೆ ಎಂದು ಗೊತ್ತಾಗುವಷ್ಟರಲ್ಲಿ ನಾಲ್ಕೈದು ವಾರ ಕಳೆದೇ ಹೋಗಿರುತ್ತದೆ. ಒಂಬತ್ತು ವಾರದೊಳಗೆ, ವೈದ್ಯರ ನಿಗಾದಲ್ಲಿ, ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಮಾತ್ರೆಗಳಿಂದಲೇ ಆಗುತ್ತದೆ. ಮೆಡಿಕಲ್ ಸ್ಟೋರಿನಿಂದ ಯಾರ ಕೈಯಲ್ಲೋ ತರಿಸಿ ನುಂಗಬಾರದು: ಗರ್ಭವು ಗರ್ಭಕೋಶದ ಬದಲು ನಾಳದಲ್ಲಿ ನಿಂತಿದ್ದರೆ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಕುತ್ತು.

20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24ರವರೆಗೆ ಇಬ್ಬರದು ಬೇಕು, ಅದೂ ಕೆಲವರಿಗಷ್ಟೇ: ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಬಸಿರಿದ್ದಾಗ ವಿಧವೆಯಾದವರು ಇಲ್ಲವೇ ವಿಚ್ಛೇದನ ಪಡೆದವರು, ಅಂಗವಿಕಲೆಯರು ಮೊದಲಾದವರಿಗೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಅವಿವಾಹಿತೆಯರಿಗೂ ಈ ಬಾಗಿಲು ತೆರೆಯಿತು. 24 ದಾಟಿದ ಮೇಲೆ ಭ್ರೂಣಕ್ಕೆ ಗಂಭೀರ ಊನವಿದ್ದರೆ ವೈದ್ಯಕೀಯ ಮಂಡಳಿ ಮೂರು ದಿನದೊಳಗೆ ಅಭಿಪ್ರಾಯ ಹೇಳಬೇಕು. ತಾಯಿಯ ಜೀವ ಉಳಿಸಲು ತಕ್ಷಣ ಮಾಡಬೇಕಾದುದನ್ನು ಬಿಟ್ಟರೆ, ಉಳಿದವರಿಗೆ ಹೈಕೋರ್ಟೇ ಗತಿ.

ಕಾನೂನಿಗಿಂತ ಧರ್ಮಸಂಕಟ ದೊಡ್ಡದಾಗುವುದೂ ಇಲ್ಲೇ. 2023ರ ಅಕ್ಟೋಬರ್‌ನಲ್ಲಿ 26 ವಾರದ ಬಸಿರಿನ, ಎರಡು ಮಕ್ಕಳ ತಾಯಿಯೊಬ್ಬರ ಅರ್ಜಿ ಸುಪ್ರೀಂ ಕೋರ್ಟಿಗೆ ಬಂತು. ಪೀಠದಲ್ಲಿದ್ದ ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಆ ತಾಯಿಯ ನಿರ್ಧಾರವನ್ನು ಗೌರವಿಸಬೇಕೆಂದರು; ಜತೆಗಿದ್ದ ನ್ಯಾಯಮೂರ್ತಿ ಹಿಮಾ ಕೊಹ್ಲಿ ಒಪ್ಪಲಿಲ್ಲ. ಕೊನೆಗೆ ಮುಖ್ಯ ನ್ಯಾಯಮೂರ್ತಿಗಳ ಪೀಠ ಅರ್ಜಿ ತಳ್ಳಿಹಾಕಿತು. ಭ್ರೂಣದ ಪರ ವಾದವನ್ನು ಹಗುರ ಮಾಡಲಾರೆ, ಆದರೆ ನನಗೆ ನಾಗರತ್ನ ಅವರ ಮಾತೇ ಸರಿಯೆನ್ನಿಸುತ್ತದೆ. ತಾಯಿಯ ಮಾತು ಕೇಳದಿದ್ದರೆ ಏನಾಗಬಹುದೆಂದು ನೋಡಿ: ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರಲ್ಲಿ ಐರ್ಲೆಂಡಿನಲ್ಲಿ ತೀರಿಕೊಂಡರು; ಗರ್ಭ ಉಳಿಯದೆಂದು ಗೊತ್ತಿದ್ದರೂ ಭ್ರೂಣದ ಎದೆಬಡಿತವಿದೆ ಎಂದೇ ಅಲ್ಲಿ ಗರ್ಭಪಾತಕ್ಕೆ ಒಪ್ಪಿರಲಿಲ್ಲ. ಸೋಂಕು ರಕ್ತಕ್ಕೇರಿತು. 2018ರಲ್ಲಿ ಆ ದೇಶವೇ ಮತ ಹಾಕಿ ಸಂವಿಧಾನದ ನಿಷೇಧವನ್ನು ಕಿತ್ತುಹಾಕಿತು.

ನಮ್ಮ ಪಕ್ಕದ ಮಂಡ್ಯದ ಕಥೆ ಬೇರೆ. 2023ರ ಕೊನೆಯಲ್ಲಿ ಅಲ್ಲಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಬಯಲಿಗೆಳೆದರು. ಅದು 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯಡಿಯ ಅಪರಾಧ. ಅದನ್ನೂ ಕಾನೂನುಬದ್ಧ ಗರ್ಭಪಾತವನ್ನೂ ಒಂದೇ ಎಂದುಕೊಂಡು, ನ್ಯಾಯವಾಗಿ ಬಂದವಳನ್ನೂ ಕಳ್ಳಿಯಂತೆ ನೋಡಬಾರದು.

ಹಾಗಾಗಿ ಹೋಗುವುದಿದ್ದರೆ ಬೇಗ ಹೋಗಿ. ಸರ್ಕಾರಿ ಆಸ್ಪತ್ರೆಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಖಾಸಗಿಯಾದರೆ ಜಿಲ್ಲಾ ಸಮಿತಿಯ ಅನುಮತಿ ಪತ್ರ ಗೋಡೆಯ ಮೇಲೆ ಕಾಣುವಂತಿರಬೇಕು, ನೋಡಿಕೊಳ್ಳಿ. ಕಾನೂನು ಅಧಿಕಾರವಿಲ್ಲದವರಿಗೆ ನಿಮ್ಮ ಹೆಸರು ಬಾಯಿಬಿಟ್ಟ ವೈದ್ಯರಿಗೆ ಒಂದು ವರ್ಷದವರೆಗೆ ಜೈಲಾಗಬಹುದು.