ಮರೆವಿಗೆ ಲಿಥಿಯಂ: ಎಷ್ಟು ಕೊಟ್ಟರೆ ಮದ್ದು?

ಬ್ಯಾಟರಿಯಿಂದಾಗಿ ಮನೆಮಾತಾಗಿರುವ ಲಿಥಿಯಂ ಎಪ್ಪತ್ತೈದು ವರ್ಷಗಳಿಂದ ಮನೋವೈದ್ಯರ ಔಷಧಿಯೂ ಹೌದು. ಉನ್ಮಾದದ ರೋಗಿಗಳನ್ನು ಇದರ ಲವಣ ಶಾಂತಗೊಳಿಸುತ್ತದೆ ಎಂದು 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ವರದಿ ಮಾಡಿದರು. ಬೈಪೋಲಾರ್ ಕಾಯಿಲೆಗೆ ಲಿಥಿಯಂ ಕಾರ್ಬೋನೇಟ್ ಮಾತ್ರೆಯನ್ನು ಇವತ್ತಿಗೂ ಬರೆದುಕೊಡುತ್ತಾರೆ. ಈಗ ಅದೇ ಲೋಹ, ಬಲು ಸಣ್ಣ ಪ್ರಮಾಣದಲ್ಲಿ, ಮುಪ್ಪಿನ ಮರೆವನ್ನು ತಡೆಯಬಹುದೇ ಎಂಬ ಚರ್ಚೆ ಎದ್ದಿದೆ.

ಚರ್ಚೆಗೆ ಬಿಸಿ ತಂದದ್ದು 2025ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ. ಹಾರ್ವರ್ಡ್ ವೈದ್ಯಕೀಯ ಕಾಲೇಜಿನ ಬ್ರೂಸ್ ಯಾಂಕ್ನರ್ ಮತ್ತು ಸಂಗಡಿಗರು, ತೀರಿಕೊಂಡವರು ದಾನವಾಗಿ ಬಿಟ್ಟುಹೋದ ಮಿದುಳುಗಳಲ್ಲಿ 27 ಲೋಹಗಳನ್ನು ಅಳೆದರು. ಅಲ್ಝೈಮರ್ ಇದ್ದವರಲ್ಲಿ ಮಾತ್ರವಲ್ಲ, ನೆನಪು ಆಗತಾನೇ ಮಸುಕಾಗತೊಡಗಿದ್ದವರಲ್ಲೂ ಎದ್ದುಕಾಣುವಷ್ಟು ಕುಸಿದಿದ್ದ ಲೋಹ ಲಿಥಿಯಂ ಒಂದೇ. ಅದು ಹೋದದ್ದೆಲ್ಲಿಗೆ? ಅಲ್ಝೈಮರ್ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಪ್ರೊಟೀನಿನ ಗಂಟುಗಳು ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ನರಕೋಶಗಳಿಗೆ ಸಿಗುವುದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತಿತ್ತು.

ಆಹಾರದಲ್ಲಿ ಲಿಥಿಯಂ ಕಡಿತ ಮಾಡಿದ ಇಲಿಗಳ ಮಿದುಳಿನಲ್ಲಿ ಅದು ಸುಮಾರು ಅರ್ಧಕ್ಕೆ ಇಳಿಯಿತು. ಅಮಿಲಾಯ್ಡ್ ಹೆಚ್ಚಿತು, ಟೌ ಎಂಬ ಇನ್ನೊಂದು ಪ್ರೊಟೀನ್ ಕೆಟ್ಟಿತು, ನೆನಪು ಕುಂದಿತು. ಲಿಥಿಯಂ ಸಾಮಾನ್ಯವಾಗಿ ಅಂಕೆಯಲ್ಲಿಡುವ ಜಿಎಸ್‌ಕೆ-3 ಬೀಟಾ ಎಂಬ ಕಿಣ್ವ ಚುರುಕಾದದ್ದು ಇದಕ್ಕೊಂದು ಕಾರಣ. ಅಮಿಲಾಯ್ಡ್‌ಗೆ ಅಷ್ಟಾಗಿ ಅಂಟಿಕೊಳ್ಳದ ಲಿಥಿಯಂ ಒರೊಟೇಟ್ ಎಂಬ ಲವಣವನ್ನು ಕೊಟ್ಟಾಗ ಇಲಿಗಳ ನೆನಪು ಮರಳಿತು. ಕೊಟ್ಟದ್ದೂ ಹಿಂದಿನ ಚಿಕಿತ್ಸಾ ಪ್ರಮಾಣದ ಸಾವಿರದಲ್ಲೊಂದು ಪಾಲಷ್ಟೆ.

ಮನುಷ್ಯರಲ್ಲಿ ಏನು ಸುಳಿವಿದೆ? ಕೇಂಬ್ರಿಜ್ ಸಂಶೋಧಕರು 2022ರಲ್ಲಿ 50 ದಾಟಿದ 29,618 ರೋಗಿಗಳ ದಾಖಲೆ ತಿರುವಿಹಾಕಿದಾಗ, ಲಿಥಿಯಂ ಸೇವಿಸಿದ 548 ಮಂದಿಯಲ್ಲಿ ಶೇ 9.7ರಷ್ಟು ಜನರಿಗೆ, ಉಳಿದವರಲ್ಲಿ ಶೇ 11.2ರಷ್ಟು ಜನರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಬಂದಿತ್ತು. ಬ್ರೆಜಿಲ್‌ನ ಒಂದು ಪುಟ್ಟ ಪ್ರಯೋಗದಲ್ಲಿ ದಿನಕ್ಕೆ ಬರೀ 300 ಮೈಕ್ರೊಗ್ರಾಂ ಪಡೆದ ಅಲ್ಝೈಮರ್ ರೋಗಿಗಳ ಸ್ಥಿತಿ ಹದಿನೈದು ತಿಂಗಳು ಹದಗೆಡದೆ ನಿಂತಿತ್ತು.

ಎಲ್ಲಕ್ಕಿಂತ ಯೋಚನೆಗೆ ಹಚ್ಚುವುದು ಡೆನ್ಮಾರ್ಕ್‌ನ 2017ರ ಅಧ್ಯಯನ. ಅಲ್ಲಿ ಕುಡಿಯುವ ನೀರಿನ ಲಿಥಿಯಂ ಪ್ರಮಾಣವನ್ನು ಎಂಟು ಲಕ್ಷ ಜನರ ಆರೋಗ್ಯ ದಾಖಲೆಯೊಡನೆ ತಾಳೆ ನೋಡಿದರು. ಲೀಟರಿಗೆ 2ರಿಂದ 5 ಮೈಕ್ರೊಗ್ರಾಂ ಇರುವ ಊರುಗಳಿಗೆ ಹೋಲಿಸಿದರೆ, 15ರಿಂದ 27 ಇರುವ ಕಡೆ ಡಿಮೆನ್ಷಿಯಾ ಶೇ 17ರಷ್ಟು ಕಡಿಮೆ. ಆದರೆ 5ರಿಂದ 10 ಇರುವ ಕಡೆ ಶೇ 22ರಷ್ಟು ಹೆಚ್ಚು! ಪ್ರಮಾಣ ಏರಿದಂತೆಲ್ಲ ರಕ್ಷಣೆಯೂ ಏರುತ್ತದೆ ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಳ್ಳಿ ಪಟ್ಟಣಗಳ ನಡುವಿನ ಬೇರೆ ವ್ಯತ್ಯಾಸಗಳೂ ಈ ಅಂಕಿಗಳಲ್ಲಿ ಬೆರೆತಿರಬಹುದು.

ಈಗ ಪ್ರಮಾಣಗಳನ್ನೇ ಒಂದರ ಪಕ್ಕ ಒಂದಿಟ್ಟು ನೋಡಿ. ಆ ಡೆನ್ಮಾರ್ಕ್ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ ದೇಹಕ್ಕೆ ಸೇರುವುದು ಹೆಚ್ಚೆಂದರೆ 54 ಮೈಕ್ರೊಗ್ರಾಂ. ಅಮೆರಿಕದಲ್ಲಿ ಚೀಟಿಯಿಲ್ಲದೆ ಪೂರಕವೆಂದು ಮಾರುವ ಒರೊಟೇಟ್ ಮಾತ್ರೆಗಳಲ್ಲಿ ಸಾಮಾನ್ಯವಾಗಿ 5 ಮಿಲಿಗ್ರಾಂ ಲಿಥಿಯಂ, ಅಂದರೆ 5,000 ಮೈಕ್ರೊಗ್ರಾಂ ಇರುತ್ತದೆ. ನೀರಿಗಿಂತ ಸುಮಾರು ತೊಂಬತ್ತು ಪಟ್ಟು! ಬೈಪೋಲಾರ್‌ಗೆ ದಿನಕ್ಕೆ 900 ಮಿಲಿಗ್ರಾಂ ಕಾರ್ಬೋನೇಟ್ ಕೊಟ್ಟರೆ ಅದರಲ್ಲಿ ಸುಮಾರು 170 ಮಿಲಿಗ್ರಾಂ ಲಿಥಿಯಂ. ಇಷ್ಟು ದೂರ ದೂರದ ಅಳತೆಗಳ ನಡುವೆ ಯಾವುದು ಮಿದುಳನ್ನು ಕಾಯುತ್ತದೆ, ಯಾವುದು ದಂಡ, ಯಾವುದು ಅಪಾಯ ಎನ್ನುವುದನ್ನು ಕ್ರಮಬದ್ಧ ಪ್ರಯೋಗವಷ್ಟೇ ಹೇಳಬಲ್ಲದು.

ಖನಿಜ ಪೂರಕಗಳ ವಿಷಯದಲ್ಲಿ ಇಂಥ ನಿರೀಕ್ಷೆ ಹುಸಿಯಾದ ಉದಾಹರಣೆಯೂ ಕಣ್ಣ ಮುಂದಿದೆ. ಸೆಲೆನಿಯಂ ಮತ್ತು ವಿಟಮಿನ್ ‘ಇ’ ಮರೆವನ್ನು ತಡೆಯುತ್ತವೆ ಎಂದು ನಂಬಿ ಏಳು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು: ಪ್ರಯೋಜನ ಶೂನ್ಯ.

ಲಿಥಿಯಂಗೆ ಇನ್ನೊಂದು ಕಷ್ಟವಿದೆ. ಮನೋರೋಗಕ್ಕೆ ಕೊಡುವಾಗ ಮದ್ದಿಗೂ ವಿಷಕ್ಕೂ ನಡುವಿನ ಅಂತರ ಕಿರಿದು. ಅದಕ್ಕೇ ವೈದ್ಯರು ರಕ್ತದ ಮಟ್ಟ, ಕಿಡ್ನಿ, ಥೈರಾಯ್ಡ್ ಮೂರನ್ನೂ ಆಗಾಗ ಪರೀಕ್ಷಿಸುತ್ತಾರೆ. ಬಿಪಿಗೆ ತೆಗೆದುಕೊಳ್ಳುವ ಟೆಲ್ಮಿಸಾರ್ಟಾನ್, ಮೂತ್ರ ಹೆಚ್ಚಿಸುವ ಹೈಡ್ರೊಕ್ಲೋರೊಥಯಾಜೈಡ್, ಮಂಡಿನೋವಿಗೆ ನುಂಗುವ ಡೈಕ್ಲೊಫಿನ್ಯಾಕ್ ಇವೆಲ್ಲ ರಕ್ತದಲ್ಲಿ ಲಿಥಿಯಂ ಏರಿಸಬಲ್ಲವು. ಅರವತ್ತು ದಾಟಿದವರ ಮಾತ್ರೆ ಡಬ್ಬಿಯಲ್ಲಿ ಇವುಗಳಲ್ಲೊಂದಾದರೂ ಇರುವುದು ಮಾಮೂಲು. ಪುಟ್ಟ ಪ್ರಮಾಣದಲ್ಲಿ ಅಪಾಯ ಕಡಿಮೆಯಿರಬಹುದು. ಆದರೆ ವಯಸ್ಸಾದವರು ವರ್ಷಗಟ್ಟಲೆ ನುಂಗಿದರೆ ಸುರಕ್ಷಿತ ಎನ್ನಲು ಇಲಿಗಳ ಸಾಕ್ಷಿ ಸಾಲದು. ಸ್ವಂತ ನಿರ್ಧಾರದಿಂದ ಲಿಥಿಯಂ ತೆಗೆದುಕೊಳ್ಳಬೇಡಿ ಎಂದು ಯಾಂಕ್ನರ್ ಅವರೇ ಎಚ್ಚರಿಸಿದ್ದಾರೆ.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂಬ ಅಂದಾಜಿದೆ. ಇಂಥ ಕಾಯಿಲೆಗೆ ಅಗ್ಗದ ಲವಣವೊಂದು ಮದ್ದಾಗುವಂತಿದ್ದರೆ ಅದರ ಪರೀಕ್ಷೆಗೆ ಸರ್ಕಾರಗಳೇ ಹಣ ಹೂಡಬೇಕು; ಪೇಟೆಂಟ್ ಲಾಭವಿಲ್ಲದ ಸಾಮಗ್ರಿಯ ಮೇಲೆ ಕಂಪನಿಗಳು ಆಸಕ್ತಿ ತೋರುವುದು ಅಪರೂಪ. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದೇನೂ ಕಡಿಮೆಯಲ್ಲ. ಕಿವಿಮಂದ, ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನ ಸೇರಿ ಬದಲಿಸಬಹುದಾದ 14 ಕಾರಣಗಳು ಜಗತ್ತಿನ ಡಿಮೆನ್ಷಿಯಾದ ಸುಮಾರು ಶೇ 45ರಷ್ಟು ಪಾಲಿಗೆ ಹೊಣೆ ಎಂದು 2024ರ ಲ್ಯಾನ್ಸೆಟ್ ಆಯೋಗ ಹೇಳಿದೆ. ಬಿಪಿ ಹಿಡಿತದಲ್ಲಿಡುವುದಕ್ಕೂ ಕಿವಿಗೆ ಯಂತ್ರ ಹಾಕಿಸಿಕೊಳ್ಳುವುದಕ್ಕೂ ಯಾವ ಹೊಸ ಪ್ರಯೋಗದ ಫಲಿತಾಂಶಕ್ಕೂ ಕಾಯಬೇಕಿಲ್ಲ.